ಕನ್ನಂಬಾಡಿ ಕಟ್ಟಿದ ಕೈಗಳು

ಕನ್ನಂಬಾಡಿ ಕಟ್ಟೆ ಕಟ್ಟಿದ್ದು ಯಾರು? ಮಂಡ್ಯ, ಮೈಸೂರು ಕಡೆ ಯಾರನ್ನೇ ಕೇಳಿ, 'ವಿಶ್ವೇಶ್ವರಯ್ಯನೋರು' ಅನ್ನೋ ಉತ್ತರ ಥಟ್ಟನೆ ಬರುತ್ತೆ. ಕೆಲವರು ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನೂ ಸೇರಿಸ್ತಾರೆ. ಎರಡೂ ಸರಿ. ಆದರೆ ಕಲ್ಲು ಹೊತ್ತವರ ಹೆಸರು ಯಾರ ಬಾಯಲ್ಲೂ ಬರೋದಿಲ್ಲ.

ಹಾಗಂತ ಯೋಜನೆ ಹಾಕೋದು ಸುಲಭದ ಕೆಲಸ ಅಂತ ನಾನು ಹೇಳ್ತಿಲ್ಲ. 1911ರ ನವೆಂಬರಿನಲ್ಲಿ ಕೆಲಸ ಶುರುವಾಯ್ತು. ಕೆಳಗಿನ ಮದ್ರಾಸ್ ಸರ್ಕಾರ ತಕರಾರು ತೆಗೆದಿದ್ದರಿಂದ ಮೊದಲಿಗೆ 80 ಅಡಿ ಎತ್ತರಕ್ಕೆ ಮಾತ್ರ ಅನುಮತಿ ಸಿಕ್ಕಿತು. ವಿಶ್ವೇಶ್ವರಯ್ಯನವರು ಮಾತ್ರ ಮುಂದೆ ಏರಿಸಬೇಕಾದ ಎತ್ತರವನ್ನು ಲೆಕ್ಕ ಹಾಕಿ ಅಡಿಪಾಯವನ್ನು ಅಗಲವಾಗಿಯೇ ಹಾಕಿಸಿದರು. 1924ರ ಒಪ್ಪಂದದಲ್ಲಿ ಎತ್ತರಿಸೋ ದಾರಿ ತೆರೆದಾಗ ಆ ಅಗಲ ಕೈಹಿಡೀತು. ಆವತ್ತು ಸಣ್ಣ ಅಡಿಪಾಯ ಹಾಕಿದ್ದರೆ ಸಾವಿರ ಜನ ಹಗಲೂ ರಾತ್ರಿ ದುಡಿದರೂ ಗೋಡೆ ಮೇಲೇಳುತ್ತಿರಲಿಲ್ಲ.

ಈಗ ಇನ್ನೊಂದು ಮುಖ ನೋಡಿ. ಆಗ ಸಿಮೆಂಟನ್ನು ಹೊರದೇಶದಿಂದ ತರಿಸಬೇಕಿತ್ತು, ವಿಪರೀತ ದುಬಾರಿ. ಹಾಗಾಗಿ ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲೇ ಕಟ್ಟಿದರು. ಎಷ್ಟು ಸುಣ್ಣ, ಎಷ್ಟು ಪುಡಿ ಅಂತ ಕಾಗದದ ಮೇಲೆ ಬರೆಯಬಹುದು. ಆದರೆ ಹದ ನೋಡಿ ಕಲಸೋದು, ಸಂದಿ ಬಿಡದೆ ತುಂಬೋದು, ಕಲ್ಲನ್ನು ಅಲುಗಾಡದಂತೆ ಕೂರಿಸೋದು ಎಲ್ಲಾ ಕೈಕೆಲಸವೇ. ಸುಮಾರು 10,000 ಜನ ಅಲ್ಲಿ ದುಡಿದರು. ಊರು, ಮನೆ ನೀರಿಗೆ ಬಿಟ್ಟುಕೊಟ್ಟ ಸಾವಿರಾರು ಜನರ ಲೆಕ್ಕ ಬೇರೆ.

ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟಿದ್ದು 1918ರಲ್ಲಿ. ಕಟ್ಟೆ ಮುಗಿದದ್ದು 1931ರ ಹೊತ್ತಿಗೆ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ. ಅಂದರೆ ಯೋಜಕರು ಕುರ್ಚಿ ಬಿಟ್ಟ ಮೇಲೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ನಡೀತಾ ಇತ್ತು. ಅದು ಅವರ ಯೋಜನೆ ಎಷ್ಟು ಗಟ್ಟಿ ಅನ್ನೋದಕ್ಕೂ ಸಾಕ್ಷಿ. ಆದರೆ ಕೂಲಿಯವರು ಒಂದೇ ಒಂದು ದಿನ ಬರದಿದ್ದರೂ ಕಲ್ಲು ಇದ್ದಲ್ಲೇ ಇರುತ್ತಿತ್ತು.

ಇಬ್ಬರಲ್ಲಿ ಯಾರು ಹೆಚ್ಚು ಅಂತ ತೂಗೋಕೆ ನನಗೆ ಮನಸ್ಸಿಲ್ಲ. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ನಿಲ್ಲುತ್ತಿರಲಿಲ್ಲ. ನನ್ನ ತಕರಾರು ನಮ್ಮ ನೆನಪಿನ ಮೇಲೆ. ಯೋಜಕರ ಹೆಸರನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸ್ತೀವಿ, ಗಾರೆ ಕಲಸಿದವರದ್ದು ಒಂದು ಹೆಸರೂ ನಮಗೆ ಗೊತ್ತಿಲ್ಲ.

ಮುಂದಿನ ಸಲ ಬೃಂದಾವನಕ್ಕೆ ಹೋದಾಗ, ಕಾರಂಜಿ ಶುರುವಾಗೋ ಮುಂಚೆ ಒಂದು ನಿಮಿಷ ಆ ಗೋಡೆ ಕಡೆ ತಿರುಗಿ ನೋಡಿ. ಅವರ ಸಹಿ ಇರೋದು ಅಲ್ಲೇ.