ರಾಜದೂತರು ಉಳಿಸಿದ ಸಾಕ್ಷ್ಯ

ಪರರಾಜರ ಬಳಿಗೆ ದೂತರನ್ನು ಕಳುಹಿಸುವ ಪದ್ಧತಿಯು ರಾಜ್ಯವ್ಯವಸ್ಥೆಯಷ್ಟೇ ಪ್ರಾಚೀನವಾದುದು. ಶ್ರೀಕೃಷ್ಣನ ಸಂಧಾನವೂ ಅಂಗದನ ರಾಯಭಾರವೂ ಈ ದೇಶದಲ್ಲಿ ಆಬಾಲವೃದ್ಧರಿಗೆ ತಿಳಿದ ಕಥೆಗಳು. ಆದರೆ ಇತಿಹಾಸದಲ್ಲಿ ನಡೆದ ರಾಯಭಾರಗಳನ್ನು ಪರಿಶೀಲಿಸಿದರೆ ಒಂದು ವೈಚಿತ್ರ್ಯವು ಕಂಡುಬರುತ್ತದೆ. ಯಾವ ಕಾರ್ಯಕ್ಕಾಗಿ ಅರಸನು ದೂತನನ್ನು ಕಳುಹಿಸಿದನೋ ಆ ಕಾರ್ಯವು ಅನೇಕ ಸಂದರ್ಭಗಳಲ್ಲಿ ವಿಫಲವಾಗಿದೆ, ಇಲ್ಲವೆ ಮರೆತುಹೋಗಿದೆ; ಯಾವುದನ್ನು ಅವನಿಂದ ಯಾರೂ ಅಪೇಕ್ಷಿಸಿರಲಿಲ್ಲವೋ ಅದು ಮಾತ್ರ ಉಳಿದುಬಂದಿದೆ. ಹೀಗೆ ಉಳಿದುಬಂದ ಸಾಕ್ಷ್ಯವು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಭರತಖಂಡಕ್ಕೆ ಬಂದ ಇಬ್ಬರು ಯವನದೂತರ ಮತ್ತು ಒಬ್ಬ ಪಾರಸೀಕ ಭಾಷೆಯ ದೂತನ ಚರಿತ್ರೆಯಿಂದ ತಿಳಿಯಬಹುದು.

ಮೊದಲು ದೂತನ ವಿಷಯದಲ್ಲಿ ಶಾಸ್ತ್ರವು ಹೇಳುವುದನ್ನು ನೋಡಬೇಕು. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳು ಬೆಳಕಿಗೆ ತಂದು, 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲೀಯ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ದೂತಪ್ರಣಿಧಿಯೆಂಬ ಪ್ರಕರಣವಿದೆ. ಅಮಾತ್ಯನ ಗುಣಗಳೆಲ್ಲವೂ ಇರುವವನು ನಿಸೃಷ್ಟಾರ್ಥನು. ಅವುಗಳಲ್ಲಿ ಕಾಲುಭಾಗ ಕಡಿಮೆಯಾದವನು ಪರಿಮಿತಾರ್ಥನು. ಅರ್ಧ ಕಡಿಮೆಯಾದವನು ಪತ್ರವನ್ನು ಮುಟ್ಟಿಸುವ ಶಾಸನಹರನು. ದೂತನು ಅರಸನ ಮುಖವಾದ ಕಾರಣ ಆಯುಧವನ್ನೆತ್ತಿದರೂ ಹೇಳಿದ್ದನ್ನು ಹೇಳಿದಂತೆಯೇ ಹೇಳಬೇಕು, ಅವನನ್ನು ಕೊಲ್ಲಲಾಗದು. ಅವನು ಸತ್ಕಾರಕ್ಕೆ ಉಬ್ಬಬಾರದು, ಸ್ತ್ರೀಯರನ್ನೂ ಮದ್ಯವನ್ನೂ ವರ್ಜಿಸಬೇಕು, ಒಬ್ಬನೇ ಮಲಗಬೇಕು. ಪರರಾಜ್ಯದ ಕೋಟೆಕೊತ್ತಲಗಳನ್ನೂ ಬಲಾಬಲವನ್ನೂ ಅರಿಯಬೇಕು; ಯಾಚಕರು, ಮತ್ತರು, ಹುಚ್ಚರು, ನಿದ್ದೆಯಲ್ಲಿರುವವರು ಆಡುವ ಮಾತುಗಳಿಂದಲೂ ಪುಣ್ಯಸ್ಥಾನ ದೇವಗೃಹಗಳಿಂದಲೂ ವಾರ್ತೆಯನ್ನು ಸಂಗ್ರಹಿಸಬೇಕು. ಹೀಗೆ ಶಾಸ್ತ್ರದೃಷ್ಟಿಯಲ್ಲಿ ದೂತನು ತನ್ನ ಒಡೆಯನ ಬಾಯಿಯೂ ಹೌದು, ಕಿವಿಯೂ ಹೌದು. ಅವನು ತಾನಾಗಿ ಏನನ್ನಾದರೂ ನೋಡಿ ಮೆಚ್ಚಿಯಾನು, ಬರೆದಿಟ್ಟಾನು, ನಂಬಿಯಾನು ಎಂಬ ವಿಚಾರಕ್ಕೆ ಅಲ್ಲಿ ಎಡೆಯಿಲ್ಲ. ಶಾಸ್ತ್ರವು ಬಿಟ್ಟ ಈ ಎಡೆಯನ್ನು ಇತಿಹಾಸವು ತುಂಬಿದೆ.

ಈ ಮೂವರಲ್ಲಿ ಮೊದಲನೆಯವನು ಮೆಗಸ್ತನೀಸನು. ಅಲೆಕ್ಸಾಂಡರನ ಮರಣಾನಂತರ ಅವನ ರಾಜ್ಯದ ಪೂರ್ವಭಾಗವನ್ನಾಳಿದ ಸೆಲ್ಯೂಕಸನಿಗೂ ಚಂದ್ರಗುಪ್ತಮೌರ್ಯನಿಗೂ ಕ್ರಿ. ಪೂ. 303ರ ಸುಮಾರಿನಲ್ಲಿ ಸಂಧಿಯಾಯಿತು. ಸೆಲ್ಯೂಕಸನು ಸಿಂಧೂನದಿಯ ಪಶ್ಚಿಮದ ಪ್ರದೇಶಗಳನ್ನು ಬಿಟ್ಟುಕೊಟ್ಟು ಪ್ರತಿಯಾಗಿ 500 ಆನೆಗಳನ್ನು ಪಡೆದನು. ಇದಾದ ಬಳಿಕ ಮೆಗಸ್ತನೀಸನು ದೂತನಾಗಿ ಪಾಟಲಿಪುತ್ರಕ್ಕೆ ಬಂದನು. ಅವನು ತಂದ ಪತ್ರವೇನು, ಮೌರ್ಯರ ಸಭೆಯಲ್ಲಿ ಅವನು ಆಡಿದ ಮಾತೇನು, ಇವು ಯಾವ ಗ್ರಂಥದಲ್ಲಿಯೂ ಉಳಿದಿಲ್ಲ. ಉಳಿದದ್ದು ಅವನು ಬರೆದ ಇಂಡಿಕಾ ಎಂಬ ಗ್ರಂಥ. ಅದು ಕೂಡ ಸ್ವರೂಪದಲ್ಲಿ ನಷ್ಟವಾಗಿ, ಸ್ಟ್ರಾಬೊ, ಡಿಯೊಡೋರಸ್, ಆರಿಯನ್ ಮೊದಲಾದ ಮುಂದಿನ ಲೇಖಕರು ಎತ್ತಿಕೊಂಡ ಭಾಗಗಳಲ್ಲಿ ಮಾತ್ರ ಜೀವಿಸಿದೆ. ಪಾಟಲಿಪುತ್ರದ ಮರದ ಕೋಟೆ, ಅದರ 64 ಬಾಗಿಲುಗಳು, 570 ಬುರುಜುಗಳು, ಸುತ್ತಲಿನ ಅಗಳು, ಜನರಲ್ಲಿನ ಏಳು ವರ್ಗಗಳು, ಇವೆಲ್ಲವೂ ಅದರಲ್ಲಿ ವರ್ಣಿತವಾಗಿವೆ.

ಈ ಗ್ರಂಥದಲ್ಲಿದ್ದ ಒಂದು ನದಿಯ ಹೆಸರು ಎರಡು ಸಾವಿರ ವರ್ಷಗಳ ತರುವಾಯ ಭಾರತೇತಿಹಾಸದ ಬಾಗಿಲನ್ನೇ ತೆರೆಯಿತು. ಯವನರು ಹೇಳಿದ ಪಾಲಿಬೊಥ್ರ ನಗರವು ಗಂಗೆ ಮತ್ತು ಎರನ್ನೊಬೊವಾಸ್ ಎಂಬ ನದಿಗಳ ಸಂಗಮದಲ್ಲಿತ್ತು. ಅದು ಪಾಟಲಿಪುತ್ರವೇ ಎಂದು ಊಹಿಸಿದವರಿಗೆ ಈ ಎರಡನೆಯ ನದಿಯ ಗುರುತು ಸಿಕ್ಕಿರಲಿಲ್ಲ. ಶೋಣನದಿಗೆ ಹಿರಣ್ಯಬಾಹುವೆಂಬ ನಾಮಾಂತರವಿರುವುದನ್ನು ಸಂಸ್ಕೃತ ಗ್ರಂಥವೊಂದರಲ್ಲಿ ಕಂಡ ಸರ್ ವಿಲಿಯಂ ಜೋನ್ಸನು, ಎರನ್ನೊಬೊವಾಸ್ ಎಂಬುದು ಆ ಶಬ್ದದ ಯವನರೂಪವೆಂದು ತಿಳಿದನು. ಯವನರ ಸಾಂಡ್ರಕೊಟ್ಟಸನು ಚಂದ್ರಗುಪ್ತನೇ ಎಂಬ ನಿರ್ಣಯವನ್ನು 1793ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಪ್ರಕಟಿಸಿದನು. ಪುರಾಣಗಳಲ್ಲಿ ರಾಜರ ಹೆಸರುಗಳಿದ್ದವು, ಆಳಿದ ವರ್ಷಗಳಿದ್ದವು. ಆದರೆ ಆ ಪರಂಪರೆಯನ್ನು ಕಟ್ಟಿಹಾಕಲು ಒಂದು ಗೂಟವಿರಲಿಲ್ಲ. ಅನ್ಯದೇಶದ ದೂತನೊಬ್ಬನು ಕಿವಿಗೆ ಬಿದ್ದಂತೆ ಬರೆದುಕೊಂಡ ಸಂಸ್ಕೃತ ಶಬ್ದವು ಆ ಗೂಟವಾಯಿತು.

ಮೆಗಸ್ತನೀಸನು ಹೇಳಿದ್ದೆಲ್ಲವೂ ಪ್ರಮಾಣವೆಂದು ತಿಳಿಯಲಾಗದು. ಬಾಯಿಲ್ಲದ ಮನುಷ್ಯರ, ಚಿನ್ನವನ್ನು ಅಗೆಯುವ ಇರುವೆಗಳ ಕಥೆಗಳನ್ನು ಅವನು ಬರೆದುದರಿಂದ ಸ್ಟ್ರಾಬೊ ಅವನನ್ನು ಸುಳ್ಳುಗಾರರ ಸಾಲಿಗೆ ಸೇರಿಸಿದ್ದಾನೆ. ಭಾರತದಲ್ಲಿ ದಾಸ್ಯವಿಲ್ಲವೆಂದು ಅವನು ಹೇಳಿದರೆ, ಅರ್ಥಶಾಸ್ತ್ರದಲ್ಲಿ ದಾಸರ ವಿಷಯಕ್ಕೇ ಒಂದು ಪ್ರಕರಣವಿದೆ. ಅರ್ಥಶಾಸ್ತ್ರದ ಈಗಿನ ರೂಪವು ಮೌರ್ಯರ ಕಾಲದ್ದೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಮತಭೇದವಿರುವುದು ನಿಜ; ಆದರೂ ಅಶೋಕನ ಶಾಸನಗಳಲ್ಲಿ ಕೂಡ ದಾಸರ ಪ್ರಸ್ತಾಪವಿರುವುದರಿಂದ ಮೆಗಸ್ತನೀಸನ ಮಾತು ನಿಲ್ಲಲಾರದು. ಇದಕ್ಕೆ ಪ್ರತಿಯಾಗಿ, ಅವನು ಹೇಳಿದ ಮರದ ಕೋಟೆಯನ್ನು ಭೂಮಿಯೇ ಸಮರ್ಥಿಸಿದೆ. ಪಾಟ್ನಾದ ಬಳಿಯ ಬುಲಂದಿಬಾಗಿನಲ್ಲಿ 1915ರಿಂದ ಮುಂದೆ ನಡೆದ ಉತ್ಖನನಗಳಲ್ಲಿ ಸಾಲಾಗಿ ನಿಲ್ಲಿಸಿದ ಭಾರಿ ತೊಲೆಗಳ ಗೋಡೆಯು ಹೊರಬಿದ್ದಿತು. ಕೇಳಿದ್ದನ್ನು ಬರೆದ ಕಡೆ ಎಡವಿದ ದೂತನು ಕಣ್ಣಾರೆ ಕಂಡದ್ದನ್ನು ಬರೆದ ಕಡೆ ಸತ್ಯವಂತನಾಗಿದ್ದಾನೆ.

ಎರಡನೆಯವನು ಗ್ರಂಥವನ್ನು ಬರೆಯಲಿಲ್ಲ. ಒಂದು ಕಂಬವನ್ನು ನಿಲ್ಲಿಸಿದನು. ಮಧ್ಯಪ್ರದೇಶದ ವಿದಿಶೆಗೆ ಸಮೀಪವಾದ ಬೇಸನಗರದಲ್ಲಿ ಜನರು ಖಾಮ್ ಬಾಬಾ ಎಂದು ಕರೆದು ಪೂಜಿಸುತ್ತಿದ್ದ ಶಿಲಾಸ್ತಂಭವೊಂದಿದೆ. 1877ರಲ್ಲಿ ಕನ್ನಿಂಗ್‌ಹ್ಯಾಮನು ಅದನ್ನು ನೋಡಿದಾಗ ಸಿಂಧೂರದ ದಪ್ಪ ಲೇಪದ ಕೆಳಗಿದ್ದ ಅಕ್ಷರಗಳು ಅವನ ಕಣ್ಣಿಗೆ ಬೀಳಲಿಲ್ಲ. 1909ರಲ್ಲಿ ಆ ಲೇಪವನ್ನು ತೆಗೆದಾಗ ಬ್ರಾಹ್ಮೀಲಿಪಿಯ ಪ್ರಾಕೃತ ಶಾಸನವು ಬೆಳಕಿಗೆ ಬಂದಿತು. ತಕ್ಷಶಿಲೆಯವನೂ ದಿಯನ ಮಗನೂ ಭಾಗವತನೂ ಆದ ಹೆಲಿಯೊದೋರನೆಂಬ ಯವನದೂತನು, ಮಹಾರಾಜ ಅಂತಲಿಕಿತನ ಬಳಿಯಿಂದ ಕಾಶೀಪುತ್ರ ಭಾಗಭದ್ರನಲ್ಲಿಗೆ ಬಂದು, ಆ ರಾಜನ 14ನೆಯ ಆಳಿಕೆಯ ವರ್ಷದಲ್ಲಿ ದೇವದೇವನಾದ ವಾಸುದೇವನಿಗೆ ಈ ಗರುಡಧ್ವಜವನ್ನು ಮಾಡಿಸಿದನೆಂಬುದು ಅದರ ತಾತ್ಪರ್ಯ. ಅಂತಲಿಕಿತನು ನಾಣ್ಯಗಳಿಂದ ಪರಿಚಿತನಾದ ಯವನರಾಜ ಆಂಟಿಯಾಲ್ಕಿದಾಸನು, ಕಾಲವು ಕ್ರಿ. ಪೂ. ಎರಡನೆಯ ಶತಮಾನದ ಕೊನೆಯ ಭಾಗವೆಂದು ಗಣಿಸಲ್ಪಟ್ಟಿದೆ.

ತಕ್ಷಶಿಲೆಯಿಂದ ಅಷ್ಟು ದೂರದ ವಿದಿಶೆಗೆ ಅವನನ್ನು ಕಳುಹಿಸಿದ ಕಾರಣವೇನೆಂಬುದನ್ನು ಶಾಸನವು ತಿಳಿಸುವುದಿಲ್ಲ. ಅದು ತಿಳಿಸುವುದು ಬೇರೆ. ಶಾಸನದಲ್ಲಿ ಭಾಗಭದ್ರನಿಗೆ ತ್ರಾತಾರನೆಂಬ ಬಿರುದಿದೆ. ಭಾರತೀಯ ರಾಜರಲ್ಲಿ ಅಪೂರ್ವವಾದ ಈ ಬಿರುದು ಯವನರಾಜರ ನಾಣ್ಯಗಳಲ್ಲಿ ಸೋಟೇರ್ ಎಂಬ ಯವನಪದಕ್ಕೆ ಪ್ರತಿಯಾಗಿ ಮತ್ತೆ ಮತ್ತೆ ಬರುತ್ತದೆ. ತನ್ನ ದೇಶದಲ್ಲಿ ಅರಸರಿಗೆ ಸಲ್ಲುತ್ತಿದ್ದ ಗೌರವವನ್ನು ದೂತನು ಈ ದೇಶದ ನುಡಿಯಲ್ಲಿ ಇಲ್ಲಿಯ ಅರಸನಿಗೂ ಸಲ್ಲಿಸಿದನೆಂದು ಇದರಿಂದ ಊಹಿಸಬಹುದು. ಕಂಬದ ಇನ್ನೊಂದು ಬದಿಯಲ್ಲಿ ದಮ, ತ್ಯಾಗ, ಅಪ್ರಮಾದವೆಂಬ ಮೂರು ಅಮೃತಪದಗಳು ಸ್ವರ್ಗಕ್ಕೆ ಒಯ್ಯುವುವೆಂಬ ಅರ್ಥದ ಸಾಲುಗಳಿವೆ. ಈ ಮೂರನ್ನೂ ಒಟ್ಟಿಗೆ ಹೇಳುವ ವಾಕ್ಯಗಳು ಮಹಾಭಾರತದಲ್ಲಿ ದೊರೆಯುವುದರಿಂದ ಇವು ಭಾಗವತರ ಬಳಕೆಯ ಮಾತುಗಳಾಗಿದ್ದಂತೆ ತೋರುತ್ತದೆ. 1963ರಿಂದ 1965ರವರೆಗೆ ಆ ಸ್ಥಳದಲ್ಲಿ ನಡೆದ ಉತ್ಖನನದಲ್ಲಿ ಸ್ತಂಭಕ್ಕಿಂತಲೂ ಪ್ರಾಚೀನವಾದ ದೇವಾಲಯವೊಂದರ ತಳಹದಿ ದೊರೆಯಿತು. ಆದುದರಿಂದ ಹೆಲಿಯೊದೋರನು ಹೊಸ ಪೂಜೆಯನ್ನು ಸ್ಥಾಪಿಸಿದವನಲ್ಲ. ಮೊದಲೇ ನಡೆದುಬಂದಿದ್ದ ಪೂಜೆಯಲ್ಲಿ ತಾನೂ ಒಬ್ಬನಾಗಿ ಸೇರಿದವನು. ಕೌಟಿಲ್ಯನ ದೂತನಿಗೆ ದೇವಗೃಹವು ವಾರ್ತೆಯನ್ನು ಸಂಗ್ರಹಿಸುವ ಸ್ಥಾನ; ಈ ಯವನದೂತನಿಗೆ ಅದು ಭಕ್ತಿಯ ಸ್ಥಾನವಾಯಿತು. ವಾಸುದೇವೋಪಾಸನೆಯು ಆ ಕಾಲಕ್ಕೇ ಎಷ್ಟು ಬಲವಾಗಿ ಬೇರೂರಿತ್ತೆಂಬುದಕ್ಕೆ ಶಿಲೆಯಲ್ಲಿ ಉಳಿದಿರುವ ಅತ್ಯಂತ ಪ್ರಾಚೀನ ಸಾಕ್ಷ್ಯಗಳಲ್ಲಿ ಒಂದು ಪರದೇಶೀಯನ ಹೆಸರಿನಲ್ಲಿಯೇ ಇರುವುದು ಗಮನಾರ್ಹವಾದುದು.

ಮೂರನೆಯವನು ಕರ್ಣಾಟಕಕ್ಕೆ ಬಂದ ಅಬ್ದುರ್ ರಜಾಕನು. 1413ರಲ್ಲಿ ಹೆರಾತಿನಲ್ಲಿ ಹುಟ್ಟಿದ ಇವನನ್ನು ತೈಮೂರನ ಮಗನಾದ ಶಾರೂಖನು ಕಳ್ಳಿಕೋಟೆಯ ಸಾಮೂದಿರಿಯಲ್ಲಿಗೆ ದೂತನನ್ನಾಗಿ ಕಳುಹಿಸಿದನು. 1442ರ ಜನವರಿಯಲ್ಲಿ ಹೊರಟು ಹೊರ್ಮುಜಿನಲ್ಲಿ ಹಡಗನ್ನೇರಿದ ಇವನಿಗೆ ಸಮುದ್ರಭಯವೂ ಮಸ್ಕತಿನ ಬಿಸಿಲೂ ಜ್ವರವೂ ಸಹಿಸಲಸಾಧ್ಯವಾದುವು. ಜೊತೆಯಲ್ಲಿ ಬಂದಿದ್ದ ಅಣ್ಣನು ಆ ಕರಾವಳಿಯಲ್ಲಿಯೇ ತೀರಿಹೋದನು. ಇಷ್ಟು ಕಷ್ಟಪಟ್ಟು ಆ ವರ್ಷದ ಕೊನೆಗೆ ಕಳ್ಳಿಕೋಟೆಯನ್ನು ಸೇರಿದರೆ ಅಲ್ಲಿ ದೊರೆತದ್ದು ತಣ್ಣನೆಯ ಸ್ವಾಗತ. ರಾಯಭಾರವು ಫಲಿಸಲಿಲ್ಲ. ಅಷ್ಟರಲ್ಲಿ ವಿಜಯನಗರದ ಇಮ್ಮಡಿ ದೇವರಾಯನು ಇವನನ್ನು ತನ್ನಲ್ಲಿಗೆ ಕಳುಹಿಸುವಂತೆ ಹೇಳಿಕಳುಹಿಸಿದನು. ಮಂಗಳೂರಿನ ಮಾರ್ಗವಾಗಿ ಘಟ್ಟವನ್ನೇರಿ 1443ರ ಏಪ್ರಿಲ್ ತಿಂಗಳ ಕೊನೆಯಲ್ಲಿ ಅವನು ವಿಜಯನಗರವನ್ನು ಮುಟ್ಟಿದನು.

ಮತ್ಲಾ ಉಸ್ ಸಾದೈನ್ ಎಂಬ ಅವನ ಇತಿಹಾಸಗ್ರಂಥದಲ್ಲಿರುವ ವಿಜಯನಗರವರ್ಣನೆಯು ಪ್ರಸಿದ್ಧವಾದುದು. ಒಂದರೊಳಗೊಂದಾದ ಏಳು ಕೋಟೆಗಳು, ಹೂವಿನ ಅಂಗಡಿಗಳು, ಮುತ್ತುರತ್ನಗಳನ್ನು ಬಹಿರಂಗವಾಗಿ ಮಾರುವ ಪೇಟೆಗಳು, ಮಹಾನವಮಿಯ ಉತ್ಸವ, ಇವುಗಳನ್ನು ಅವನು ವಿಸ್ತಾರವಾಗಿ ಬರೆದಿದ್ದಾನೆ. ರಾಜನ ದರ್ಶನವಾದಾಗ ತನಗೆ ತಾಂಬೂಲವನ್ನೂ ಕರ್ಪೂರವನ್ನೂ 500 ಪಣಗಳ ಚೀಲವನ್ನೂ ಕೊಟ್ಟುದನ್ನು ಹೇಳಿ, ವೀಳ್ಯದೆಲೆಯ ಗುಣಗಳನ್ನು ಕುತೂಹಲದಿಂದ ವಿವರಿಸಿದ್ದಾನೆ. ಕನ್ನಡಿಗರಿಗೆ ಇದಕ್ಕಿಂತಲೂ ಮುಖ್ಯವಾದುದು ಅವನು ಕಂಡ ಬರೆವಣಿಗೆಯ ಕ್ರಮ. ಅಲ್ಲಿಯವರು ಎರಡು ಬಗೆಯಾಗಿ ಬರೆಯುತ್ತಾರೆ. ಒಂದು, ಉದ್ದವಾದ ಎಲೆಯ ಮೇಲೆ ಕಬ್ಬಿಣದ ಕಂಠದಿಂದ. ಇನ್ನೊಂದು, ಕಪ್ಪು ಬಳಿದ ಹಾಳೆಯ ಮೇಲೆ ಲೇಖನಿಯಂತೆ ಕೊರೆದ ಮೆದುಕಲ್ಲಿನಿಂದ ಬಿಳಿಯ ಅಕ್ಷರಗಳಾಗುವಂತೆ ಎಂದು ಅವನು ತಿಳಿಸುತ್ತಾನೆ. ಮೊದಲನೆಯದು ಓಲೆ, ಎರಡನೆಯದು ಬಳಪದಿಂದ ಬರೆಯುವ ಕಡತ. ನಾಡಿನವರಿಗೆ ನಿತ್ಯದ ವಸ್ತುವಾದ ಕಡತವನ್ನು ವರ್ಣಿಸಬೇಕೆಂದು ನಾಡಿನ ಕವಿಗೆ ತೋರದು. ಹೊಸದಾಗಿ ಕಂಡವನಿಗೇ ಅದು ತೋರುತ್ತದೆ. ಇಂದು ಹಂಪೆಯ ಪಾಳುಮಂಟಪಗಳಲ್ಲಿ ಕಲ್ಲು ಉಳಿದಿದೆ. ಆ ರಾಯಸದವರು ಬರೆದ ಬಳಪದ ಅಕ್ಷರಗಳು ಉಳಿದಿಲ್ಲ.

ಅವನ ವಾಸವು ಕೊನೆಯವರೆಗೆ ಸುಖವಾಗಿರಲಿಲ್ಲ. ಅವನು ಶಾರೂಖನ ದೂತನೇ ಅಲ್ಲವೆಂದು ಹೊರ್ಮುಜಿನ ವರ್ತಕರು ಹಬ್ಬಿಸಿದ ಸುದ್ದಿಯಿಂದ ಅವನಿಗೆ ಸಲ್ಲುತ್ತಿದ್ದ ಆದರವು ಕುಗ್ಗಿತು. 1443ರ ಕೊನೆಯಲ್ಲಿ ಅವನು ಹಿಂದಿರುಗಿದನು. 1444ರ ವಸಂತದಲ್ಲಿ ಹೊರ್ಮುಜನ್ನು ಸೇರಿದನು. ಕಳ್ಳಿಕೋಟೆಯಲ್ಲಿ ರಾಯಭಾರವು ಫಲಿಸಲಿಲ್ಲ, ವಿಜಯನಗರದಲ್ಲಿ ಅವನು ದೂತನೇ ಹೌದೋ ಅಲ್ಲವೋ ಎಂಬ ಸಂದೇಹಕ್ಕೆ ಗುರಿಯಾದನು. ಆದರೂ ದೇವರಾಯನ ಆಸ್ಥಾನದ ವಿಷಯದಲ್ಲಿ ಇತಿಹಾಸಕಾರರು ಮೊದಲು ಕರೆಯುವ ಸಾಕ್ಷಿಗಳಲ್ಲಿ ಅವನೂ ಒಬ್ಬನು. ಅವನ ಮಾತಿನಲ್ಲಿ ಉತ್ಪ್ರೇಕ್ಷೆಯುಂಟು. ಮುನ್ನೂರು ರೇವುಗಳೆಂಬ ಬಗೆಯ ಲೆಕ್ಕಗಳನ್ನು ಶೋಧಿಸಿಯೇ ಗ್ರಹಿಸಬೇಕು. ಆದರೆ ತನ್ನ ಮತದವರಲ್ಲದ ಜನರ ವೈಭವವನ್ನು ಕಂಡಂತೆ ಬರೆಯಲು ಅವನು ಹಿಂಜರಿಯಲಿಲ್ಲ.

ಈ ಮೂವರ ಚರಿತ್ರೆಯಿಂದ ಏರ್ಪಡುವ ಅಭಿಪ್ರಾಯವಿಷ್ಟು. ದೂತನು ತರುವ ಪತ್ರಕ್ಕೆ ಅರಸನಷ್ಟೇ ಆಯುಸ್ಸು. ಅರಸನು ಹೋದರೆ ಅದರ ಅರ್ಥವೂ ಹೋಗುತ್ತದೆ. ಅವನು ಪರದೇಶದಲ್ಲಿ ಕಣ್ಣಿಟ್ಟು ನೋಡಿದ್ದು, ಮನಸ್ಸಿಟ್ಟು ಸ್ವೀಕರಿಸಿದ್ದು ಮಾತ್ರ ಎರಡು ರಾಜ್ಯಗಳು ಅಳಿದ ಮೇಲೆಯೂ ಬಾಳುತ್ತದೆ. ಮೆಗಸ್ತನೀಸನಿಲ್ಲದಿದ್ದರೆ ಮೌರ್ಯರ ಕಾಲನಿರ್ಣಯಕ್ಕೆ ಮೊದಲ ಆಧಾರವು ತಪ್ಪುತ್ತಿತ್ತು. ಹೆಲಿಯೊದೋರನಿಲ್ಲದಿದ್ದರೆ ಯವನರಲ್ಲಿಯೂ ಭಾಗವತರಿದ್ದರೆಂಬುದಕ್ಕೆ ಈ ಶಿಲಾಪ್ರಮಾಣವಿರುತ್ತಿರಲಿಲ್ಲ. ಅಬ್ದುರ್ ರಜಾಕನಿಲ್ಲದಿದ್ದರೆ ದೇವರಾಯನ ವಿಜಯನಗರದ ಪೇಟೆಗಳು ಅರ್ಧ ಕತ್ತಲೆಯಲ್ಲಿರುತ್ತಿದ್ದುವು. ಪರರ ಮಾತೆಂಬ ಕಾರಣದಿಂದ ಇಂತಹ ಸಾಕ್ಷ್ಯವನ್ನು ತಳ್ಳುವುದೂ, ಪರರು ಹೊಗಳಿದರೆಂಬ ಕಾರಣದಿಂದ ಶೋಧಿಸದೆ ಒಪ್ಪುವುದೂ ಎರಡೂ ದೋಷಗಳೇ. ಶಾಸನ, ಗ್ರಂಥ, ಉತ್ಖನನಗಳೆಂಬ ಒರೆಗಲ್ಲಿಗೆ ಹಚ್ಚಿ, ನಿಂತಷ್ಟನ್ನು ಕೃತಜ್ಞತೆಯಿಂದ ಸ್ವೀಕರಿಸುವುದೇ ಇತಿಹಾಸಜ್ಞರ ಧರ್ಮ. ದೂತನನ್ನು ಕೊಲ್ಲಲಾಗದೆಂದು ಶಾಸ್ತ್ರವು ವಿಧಿಸಿತು. ಅವನು ಬಿಟ್ಟುಹೋದ ಸಾಕ್ಷ್ಯವೂ ಅಳಿಯದಂತೆ ಕಾಯುವ ಹೊಣೆಯು ಅವನನ್ನು ಬರಮಾಡಿಕೊಂಡ ನಾಡಿನ ಮೇಲೆಯೇ ಇದೆ.