ಆಲೆಯ ಹಲ್ಲು, ಮೋಟಾರಿನ ಹಲ್ಲು

ಉಮ್ಮತ್ತೂರೆಂದೊಡನೆ ಚರಿತ್ರೆಯನ್ನು ಓದಿದವರಿಗೆ ನೆನಪಾಗುವವನು ಗಂಗರಾಜ. 1510ರಿಂದ 1512ರವರೆಗಿನ ಯುದ್ಧದಲ್ಲಿ ಕೃಷ್ಣದೇವರಾಯನನ್ನು ಎದುರಿಸಿ ಶಿವನಸಮುದ್ರದ ಕೋಟೆಯನ್ನು ಕಳೆದುಕೊಂಡವನೀತ. ಅವನ ಸೋಲನ್ನು ಬರೆದಿಟ್ಟವರುಂಟು. ನಮ್ಮ ರೈತನಿಗೆ ಕಬ್ಬಿನ ಆಲೆಯನ್ನು ಕಡೆದುಕೊಟ್ಟ ಬಡಗಿಯ ಹೆಸರು ಮಾತ್ರ ಉಳಿದುಬಂದಿಲ್ಲ. ಶ್ರೋತೃಗಳೆ, ಈ ಹೊತ್ತು ನನ್ನ ಮಾತು ಆ ಎರಡನೆಯವನನ್ನು ಕುರಿತದ್ದು.

ಹಳೆಯ ಮರದ ಆಲೆಯಲ್ಲಿ ಎರಡು ದಿಂಡುಗಳು ನೆಟ್ಟಗೆ ನಿಂತಿರುತ್ತಿದ್ದುವು. ಅವುಗಳ ತಲೆಯಲ್ಲಿ ತಿರುಪಿನಂತೆ ಓರೆಯಾಗಿ ಸುತ್ತಿಬಂದ ಹಲ್ಲುಗಳು. ಎತ್ತು ಒಂದು ದಿಂಡನ್ನು ತಿರುಗಿಸಿದರೆ ಮತ್ತೊಂದು ತಾನಾಗಿಯೇ ಎದುರು ದಿಕ್ಕಿಗೆ ತಿರುಗುವುದು. ಒಂದರ ಸುರುಳಿ ಬಲಕ್ಕೆ ಸುತ್ತಿದ್ದರೆ ಇನ್ನೊಂದರದು ಎಡಕ್ಕೆ ಸುತ್ತಿರಬೇಕು. ಇಲ್ಲವಾದರೆ ಹಲ್ಲು ಹಲ್ಲಿಗೆ ಕೂಡದು. ರೇಖಾಗಣಿತವನ್ನು ಓದದವರು ಇದನ್ನು ಬಲ್ಲವರಾಗಿದ್ದರು! ಹತ್ತಿಯ ಬೀಜ ಬಿಡಿಸುವ ಕೈರಾಟೆಯಲ್ಲಿಯೂ ಇದೇ ಉಪಾಯ. ಭಾರತದಲ್ಲಿ ಅದರ ಬಳಕೆಯನ್ನು ಕೆಲವು ಇತಿಹಾಸಕಾರರು 13-14ನೆಯ ಶತಮಾನಗಳಷ್ಟು ಹಿಂದಕ್ಕೆ ಒಯ್ಯುತ್ತಾರೆ.

ನೇರವಾದ ಹಲ್ಲು ತನ್ನ ಉದ್ದಕ್ಕೂ ಒಮ್ಮೆಲೇ ತಗುಲುತ್ತದೆ. ಓರೆಯಾದದ್ದು ಒಂದು ಅಂಚಿನಿಂದ ಮೆಲ್ಲನೆ ಜಾರಿಕೊಂಡು ಬರುತ್ತದೆ. ಒಂದು ಬಿಡುವ ಮೊದಲೇ ಮುಂದಿನದು ಹಿಡಿದಿರುತ್ತದೆ. 1870ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ಕಬ್ಬಿಣದ ಆಲೆ ಹುಟ್ಟಿತು. ಅದು ಹೆಚ್ಚು ರಸವನ್ನು ಕೊಟ್ಟಿತು, ನಿಜ. ಬಡಗಿಯ ಆ ವಿದ್ಯೆಯೂ ಮರದ ಆಲೆಯೊಡನೆ ಮೂಲೆ ಸೇರಿತು.

ಹಲ್ಲುಚಕ್ರದ ಮತ್ತೊಂದು ಗುಣವನ್ನು ಗುಂಡ್ಲುಪೇಟೆಯ ಕಡೆಯ ಬಸ್ಸುಗಳು ತೋರಿಸುತ್ತವೆ. 20 ಹಲ್ಲಿನ ಚಕ್ರವು 60 ಹಲ್ಲಿನದನ್ನು ತಿರುಗಿಸಿದರೆ ವೇಗವು ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ತಿರುಗಿಸುವ ಬಲವು, ಸವೆತದಲ್ಲಿ ಹೋಗುವ ಅಲ್ಪವನ್ನು ಬಿಟ್ಟರೆ, ಮೂರರಷ್ಟಾಗುತ್ತದೆ. ಹಿಮವದ್ಗೋಪಾಲಸ್ವಾಮಿ ಬೆಟ್ಟದ ಏರಿನಲ್ಲಿ ಚಾಲಕನು ಕೆಳಗಿನ ಗೇರಿಗೆ ಬರುವುದು ಇದಕ್ಕಾಗಿ. ಇಳಿಯುವಾಗಲೂ ಅದೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ.

ನೀಲಗಿರಿಯ ರೈಲು 1899ರಲ್ಲಿ ಮೇಟ್ಟುಪಾಳಯದಿಂದ ಕೂನೂರಿಗೆ ಏರಿತು. ಸುಮಾರು 12 ಅಡಿಗೆ 1 ಅಡಿ ಮೇಲೇರುವ ಕಡಿದಾದ ದಾರಿಯಲ್ಲಿ, ಹಳಿಗಳ ನಡುವಣ ಹಲ್ಲುಪಟ್ಟಿಯನ್ನು ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಳ್ಳುತ್ತದೆ. ಸ್ವಿಟ್ಸರ್ಲೆಂಡಿನ ರೋಮನ್ ಆಪ್ಟ್ ಎರಡು ಪಟ್ಟಿಗಳನ್ನು ಹಲ್ಲು ತಪ್ಪಿಸಿ ಜೋಡಿಸಿದನು. ಒಂದಲ್ಲ ಒಂದು ಹಲ್ಲು ಸದಾ ಹಿಡಿದೇ ಇರಬೇಕೆಂಬುದು ಅವನ ಉದ್ದೇಶ. ನಮ್ಮ ಆಲೆಯಲ್ಲಿದ್ದ ಯುಕ್ತಿಗೂ ಇದಕ್ಕೂ ನಂಟಿದೆಯೆಂದು ನನಗೆ ತೋರುತ್ತದೆ.

ಇಂದಿನ ಸಾಮಾನ್ಯ ಕಾರಿನ ಗೇರುಪೆಟ್ಟಿಗೆಯಲ್ಲಿ ಮುಂದಕ್ಕೆ ಒಯ್ಯುವ ಚಕ್ರಗಳಿಗೆ ಓರೆಹಲ್ಲುಗಳೇ ಇರುತ್ತವೆ. ಒಳಗೆ ಕುಳಿತವರಿಗೆ ಅವುಗಳ ಸದ್ದು ಕೇಳದು. ಓರೆಹಲ್ಲು ತನ್ನ ಅಚ್ಚನ್ನು ಪಕ್ಕಕ್ಕೆ ನೂಕುವುದರಿಂದಲೂ ಕೊಂಚ ಬಲವನ್ನು ತಾನೇ ನುಂಗುವುದರಿಂದಲೂ, ಪಂದ್ಯದ ಕಾರುಗಳಲ್ಲಿ ನೇರಹಲ್ಲುಗಳನ್ನು ಇಡುವುದುಂಟು. ಕಿವಿ ಗಡಚಿಕ್ಕಿದರೂ ಅಲ್ಲಿ ಚಿಂತೆಯಿಲ್ಲ. ಆ ಕೂಗನ್ನು ಕೇಳಲು ಪಂದ್ಯಕ್ಕೆ ಹೋಗಬೇಕೆಂದಿಲ್ಲ. ಅನೇಕ ಕಾರುಗಳಲ್ಲಿ ಹಿಂದಕ್ಕೆ ನಡೆಸುವ ಗೇರಿಗೆ ಮಾತ್ರ ನೇರಹಲ್ಲು. ನೆರೆಮನೆಯವರು ಕಾರನ್ನು ಹಿಂದುಹಿಂದಾಗಿ ಹೊರಗೆ ತರುವಾಗ ಕಿವಿಗೊಟ್ಟರೆ ಸಾಕು.