ನಟನಿಂದ ನಿರ್ಮಾಪಕ: ಸಿಹಿಕಹಿ ಚಂದ್ರು ಅವರ ಹಾಸ್ಯೋದ್ಯೋಗ

ಕೊಟ್ಟೂರೇಶ್ವರನ ಜಾತ್ರೆಯಂಥ ಸಂದರ್ಭಗಳಲ್ಲಿ ಕ್ಯಾಂಪು ಹೂಡುವ ವೃತ್ತಿ ನಾಟಕ ಕಂಪನಿಗಳನ್ನು ಬಲ್ಲ ನಮ್ಮ ಸೀಮೆಯವರಿಗೆ, ಹಾಸ್ಯನಟನೇ ಕಂಪನಿಯ ಯಜಮಾನನಾಗುವುದು ಆಶ್ಚರ್ಯದ ಸಂಗತಿಯಲ್ಲ. ಗುಬ್ಬಿ ವೀರಣ್ಣನವರು ಬಾಲನಟರಾಗಿ ಕಂಪನಿಯನ್ನು ಸೇರಿ, ಹಾಸ್ಯಪಾತ್ರಗಳಿಂದ ಕೀರ್ತಿ ಪಡೆದು, ಅದರ ಒಡೆಯರೇ ಆದರು. ಮಾಸ್ಟರ್ ಹಿರಣ್ಣಯ್ಯನವರು (1934–2019) ತಂದೆಯವರಂತೆಯೇ ನಟನೆಯ ಜೊತೆಗೆ ಕಂಪನಿಯ ಹೊರೆಯನ್ನೂ ಹೊತ್ತರು. ಕಿರುತೆರೆಯ ಹಾಸ್ಯವೆಲ್ಲ ಪರದೇಶದ ಮಾದರಿಯಿಂದ ಬಂದುದೆಂಬ ಮಾತುಂಟು. ಸಿಹಿಕಹಿ ಚಂದ್ರು ಅವರ ವೃತ್ತಿಜೀವನವನ್ನು ಪರಿಶೀಲಿಸಿದರೆ ಆ ಮಾತು ಅರ್ಧ ಮಾತ್ರ ನಿಜವೆಂದು ನಮಗೆ ತೋರುತ್ತದೆ.

ಬೆಂಗಳೂರು ದೂರದರ್ಶನ ಕೇಂದ್ರವು 1981ರ ನವೆಂಬರ್ 1ರಂದು ಆರಂಭವಾಯಿತು. ಆ ದಶಕದಲ್ಲಿ ಪ್ರಸಾರವಾದ 'ಸಿಹಿ ಕಹಿ' ಧಾರಾವಾಹಿಯಲ್ಲಿ ನಟಿಸಿದ ಚಂದ್ರಶೇಖರ್ ಮತ್ತು ಗೀತಾ ಇಬ್ಬರಿಗೂ ಅದರ ಹೆಸರೇ ಬಿರುದಾಗಿ ಅಂಟಿತು. ಮುಂದೆ ಅವರು ದಂಪತಿಗಳೂ ಆದರು. ಆಡಿದ ಕೃತಿಯಿಂದ ನಟನನ್ನು ಗುರುತಿಸುವುದು ರಂಗಭೂಮಿಯ ರೂಢಿ. 'ಮುಖ್ಯಮಂತ್ರಿ' ನಾಟಕದಿಂದ ಹೆಸರಾದ ಇನ್ನೊಬ್ಬ ಚಂದ್ರು ಇದಕ್ಕೆ ಸಾಕ್ಷಿ.

ಅಂದಿನ ಧಾರಾವಾಹಿಗಳು ಸಾಮಾನ್ಯವಾಗಿ 13 ಕಂತುಗಳಲ್ಲಿ ಮುಗಿಯುತ್ತಿದ್ದವು. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ವಾಹಿನಿ ಬಂದ ಮೇಲೆ ದೈನಿಕ ಧಾರಾವಾಹಿಗಳ ಕಾಲ ಬಲಿಯಿತು. ದಿನಕ್ಕೊಂದು ಕಂತೆಂದರೆ ಕಥೆಯ ಬಲ ಸಾಲದು. ಕಥೆ ತೀರಿದರೂ ತೀರದ ಪಾತ್ರ ಬೇಕು. ಚಂದ್ರು ನಿರ್ಮಿಸಿದ 'ಪಾಪ ಪಾಂಡು'ವಿನ ರಹಸ್ಯ ಇಲ್ಲಿದೆ. ಹೆಂಡತಿಯ ಕೈಯಲ್ಲಿ ಸಿಕ್ಕಿ ನಲುಗುವ ಪಾಂಡು (ಚಿದಾನಂದ) ಮತ್ತು ಅವನ ಶ್ರೀಮತಿ (ಶಾಲಿನಿ) ಯಾವ ಪ್ರಸಂಗಕ್ಕೆ ಬಿದ್ದರೂ ಬದಲಾಗುವುದಿಲ್ಲ. ಬದಲಾಗದಿರುವುದೇ ನಗೆಯ ಮೂಲ. ಹರಪನಹಳ್ಳಿಯಲ್ಲಿ 1913ರಲ್ಲಿ ಜನಿಸಿದ ಬೀಚಿಯವರು ತಮ್ಮ ತಿಂಮನನ್ನು ನೂರಾರು ಪ್ರಸಂಗಗಳಲ್ಲಿ ದುಡಿಸಿಕೊಂಡ ಬಗೆಯೂ ಇದೇ. ಗಂಡನನ್ನು ಹೊಡೆಯುವ ಹೆಂಡತಿಯ ಹಾಸ್ಯ ಹಳೆಯದು, ಕೆಲವೊಮ್ಮೆ ಒರಟು. ಅದನ್ನು ನಾವು ಮರೆಮಾಚಬೇಕಿಲ್ಲ.

'ಸಿಲ್ಲಿ ಲಲ್ಲಿ'ಯಲ್ಲಿ ಕಲೆ ಇನ್ನಷ್ಟು ಪಳಗಿದೆಯೆಂಬುದು ನಮ್ಮ ಅಭಿಪ್ರಾಯ. ಸಮಾಜಸೇವಕಿ ಲಲಿತಾಂಬ (ಮಂಜುಭಾಷಿಣಿ), ಡಾಕ್ಟರ್ ವಿಠಲ್‌ರಾವ್ (ರವಿಶಂಕರ್) ಇವರು ತಮ್ಮ ತಮ್ಮ ಪಲ್ಲವಿಯ ಮಾತಿನಿಂದಲೇ ಮನೆಮಾತಾದರು. ಇಲ್ಲಿ ಚರಿತ್ರಕಾರನು ಎಚ್ಚರ ವಹಿಸಬೇಕು. ಧಾರಾವಾಹಿಯ ನಿರ್ಮಾಪಕರು ಚಂದ್ರು. ನಿರ್ದೇಶಕರು, ಮುಂದೆ 2012ರಲ್ಲಿ 'ಸಿದ್ಲಿಂಗು' ಚಿತ್ರವನ್ನು ಕೊಟ್ಟ ವಿಜಯಪ್ರಸಾದ್. ಯಜಮಾನನ ಹೆಸರಿನಡಿಯಲ್ಲಿ ಬರೆದವರ ಹೆಸರು ಅಳಿಸಿಹೋದುದು ಕಂಪನಿ ನಾಟಕಗಳ ಚರಿತ್ರೆಗೆ ತಟ್ಟಿದ ದೊಡ್ಡ ನಷ್ಟ. ದಿನದಿನವೂ ಸಂಭಾಷಣೆ ಹೊಸೆದ ಕಿರುತೆರೆಯ ಬರಹಗಾರರಿಗೂ ಅದೇ ಗತಿ ಬರದಂತೆ, ನೆನಪಿರುವವರು ಇರುವಾಗಲೇ ದಾಖಲೆ ಮಾಡಿಕೊಳ್ಳುವುದು ನಮ್ಮಂಥ ವಿಭಾಗಗಳ ಕೆಲಸ.

ಆದರೆ ಒಂದು ಭೇದವುಂಟು. ಕಂಪನಿಯ ಯಜಮಾನನಿಗೆ ರಂಗಸಜ್ಜಿಕೆಯೂ ಪರದೆಯೂ ಸ್ವಂತ. ಟಿಕೇಟಿನ ಹಣ ಆ ರಾತ್ರಿಯೇ ಕೈಸೇರುತ್ತಿತ್ತು. ಕಿರುತೆರೆಯ ನಿರ್ಮಾಪಕನಿಗೆ ಪ್ರಸಾರದ ವೇಳೆಯೇ ಸ್ವಂತವಲ್ಲ, ಅದು ವಾಹಿನಿಯದು. ಈಟಿವಿ ಕನ್ನಡವು 2015ರಲ್ಲಿ ಕಲರ್ಸ್ ಕನ್ನಡವಾಯಿತು. 'ಪಾಪ ಪಾಂಡು' ಮಾತ್ರ 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಅದೇ ಚಿದಾನಂದ, ಅದೇ ಶಾಲಿನಿಯವರೊಡನೆ ಮತ್ತೆ ಬಂದಿತು: ಹಳೆಯ ನಾಟಕವನ್ನು ಹೊಸ ಕ್ಯಾಂಪಿನಲ್ಲಿ ಎತ್ತುವಂತೆ. ಚಂದ್ರು ಅವರಾದರೋ ಆ ಬಳಿಕ ಸ್ಟಾರ್ ಸುವರ್ಣ ವಾಹಿನಿಯ 'ಬೊಂಬಾಟ್ ಭೋಜನ'ದಲ್ಲಿ ಒಲೆಯ ಮುಂದೆ ನಿಂತು, ಯಾವ ಪಾತ್ರದ ವೇಷವೂ ಇಲ್ಲದೆ ಪ್ರೇಕ್ಷಕರೆದುರು ಬಂದರು.